ಹೆನ್ರಿ ಓಲ್ಡನ್‌ಬರ್ಗನೂ ಅವನ ಪತ್ರಿಕೆಯೂ

ಪತ್ರಿಕೆಯನ್ನು ಆರಂಭಿಸುವುದಕ್ಕೆ ಒಬ್ಬನ ಉತ್ಸಾಹ ಸಾಕು. ಅದನ್ನು ಬಾಳಿಸುವುದಕ್ಕೆ ಹಲವರ ಸಹಕಾರ ಬೇಕು. ಈ ಮಾತಿನ ಪೂರ್ವಾರ್ಧವನ್ನು ನಂಬಿ ಕೆಲಸಕ್ಕಿಳಿದು, ಉತ್ತರಾರ್ಧವನ್ನು ಅನುಭವದಿಂದ ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ನಾಡನ್ನು ಬಿಟ್ಟುಬಂದು ನೆಲಸಿದ ನಗರದಲ್ಲಿ, ಕಚೇರಿಯ ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ, ಲೇಖನಗಳನ್ನು ಬೇಡಿ ತಂದು ಅಚ್ಚಿಗೆ ಕೊಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಈ ಕಷ್ಟವು ಇಂದಿನದಲ್ಲ, ನಮ್ಮದೊಂದೇ ಅಲ್ಲ ಎಂದು ತಿಳಿದರೆ ಕೊಂಚ ಧೈರ್ಯ ಬಂದೀತು. ಇಂದಿಗೂ ನಡೆದುಬರುತ್ತಿರುವ ವಿಜ್ಞಾನಪತ್ರಿಕೆಗಳಲ್ಲಿ ಅತ್ಯಂತ ಹಳೆಯದಾದ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಲಂಡನ್ನಿನಲ್ಲಿ 1665ರಲ್ಲಿ ಹುಟ್ಟಿತು. ಅದನ್ನು ಕಟ್ಟಿದವನು ಇಂಗ್ಲೆಂಡಿನವನಲ್ಲ. ದೊಡ್ಡ ವಿಜ್ಞಾನಿಯೂ ಅಲ್ಲ. ಹೊಟ್ಟೆಪಾಡಿಗೂ ವಿದ್ಯಾವ್ಯಾಸಂಗಕ್ಕೂ ಪರದೇಶವನ್ನು ಸೇರಿದ್ದ ಒಬ್ಬ ಜರ್ಮನನು. ತನ್ನದೆಂದು ಹೇಳಿಕೊಳ್ಳುವಂಥ ಒಂದು ಹೊಸ ಸಿದ್ಧಾಂತವನ್ನೂ ಬಿಟ್ಟುಹೋಗದ ಆತನು ಇತರರ ವಿದ್ಯೆಯನ್ನು ಒಂದೆಡೆ ಕೂಡಿಸಿ ಹೇಗೆ ಒಂದು ಪತ್ರಿಕೆಯನ್ನು ನಿಲ್ಲಿಸಿದನೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆನ್ರಿ ಓಲ್ಡನ್‌ಬರ್ಗನು ಸುಮಾರು 1619ರಲ್ಲಿ ಜರ್ಮನಿಯ ಬ್ರೆಮೆನ್ ನಗರದಲ್ಲಿ ಜನಿಸಿದನು. ಧರ್ಮಶಾಸ್ತ್ರವನ್ನು ಅಭ್ಯಾಸಮಾಡಿದ ಈತನು 1653ರಲ್ಲಿ ತನ್ನ ನಗರದ ಪ್ರತಿನಿಧಿಯಾಗಿ, ಕ್ರಾಮ್ವೆಲ್ಲನ ಆಳಿಕೆಯಲ್ಲಿದ್ದ ಇಂಗ್ಲೆಂಡಿಗೆ ಬಂದನು. ಅನಂತರ ವಿಜ್ಞಾನಿ ರಾಬರ್ಟ್ ಬಾಯಿಲನ ಸೋದರಳಿಯನಿಗೆ ಉಪಾಧ್ಯಾಯನಾಗಿ, ಆ ತರುಣನೊಡನೆ ಯೂರೋಪಿನಲ್ಲಿ ಕೆಲವು ವರ್ಷ ಸಂಚರಿಸಿದನು. ಪ್ಯಾರಿಸಿನ ವಿದ್ವದ್ಗೋಷ್ಠಿಗಳಲ್ಲಿ ಕುಳಿತು ಕೇಳಿದನು; 1661ರಲ್ಲಿ ಹಾಲೆಂಡಿನ ಒಂದು ಹಳ್ಳಿಯಲ್ಲಿದ್ದ ಸ್ಪಿನೋಜನನ್ನು ಕಂಡು ಮಾತನಾಡಿದನು. ಹೋದಲ್ಲೆಲ್ಲ ಪರಿಚಯವನ್ನು ಗಳಿಸುವುದು, ಗಳಿಸಿದ ಪರಿಚಯವನ್ನು ಕಾಗದಗಳಿಂದ ಉಳಿಸಿಕೊಳ್ಳುವುದು ಅವನ ಸ್ವಭಾವವಾಗಿತ್ತು. ಈ ಮಾರ್ಗದಲ್ಲಿ ಅವನಿಗೆ ಪೂರ್ವಸೂರಿಗಳಿಲ್ಲದೆ ಇರಲಿಲ್ಲ. 1648ರಲ್ಲಿ ತೀರಿಕೊಂಡ ಫ್ರಾನ್ಸಿನ ಸಂನ್ಯಾಸಿ ಮೆರ್ಸೆನ್ ತನ್ನ ಕಾಲದ ಗಣಿತಜ್ಞರನ್ನು ಪತ್ರಗಳಿಂದಲೇ ಹೊಂದಿಸಿದ್ದನು. ಲಂಡನ್ನಿನಲ್ಲಿಯೇ ಸ್ಯಾಮ್ಯುಅಲ್ ಹಾರ್ಟ್‌ಲಿಬ್ ಎಂಬಾತನು ಇಂಥದೇ ಕಾರ್ಯದಲ್ಲಿ ತೊಡಗಿದ್ದನು. ಆತನೂ ಹೊರನಾಡಿನಿಂದ ಬಂದವನೇ ಎಂಬುದು ಗಮನಾರ್ಹ. ಎರಡು ನಾಡುಗಳ ಮಾತನ್ನು ಬಲ್ಲವನೇ ಅವುಗಳ ನಡುವೆ ಸೇತುವೆಯಾಗಬಲ್ಲನಷ್ಟೆ!

1662ರಲ್ಲಿ ರಾಯಲ್ ಸೊಸೈಟಿಗೆ ರಾಜನ ಸನ್ನದು ದೊರೆತಾಗ ಅದರ ಇಬ್ಬರು ಕಾರ್ಯದರ್ಶಿಗಳಲ್ಲಿ ಓಲ್ಡನ್‌ಬರ್ಗನು ಒಬ್ಬನಾದನು. ಹುದ್ದೆಯೇನೋ ದೊರೆಯಿತು, ಸಂಬಳ ಮಾತ್ರ ದೊರೆಯಲಿಲ್ಲ. ಸಭೆಗಳ ವರದಿಯನ್ನು ಬರೆಯುವುದು, ಊರೂರುಗಳಿಂದ ಬಂದ ಕಾಗದಗಳಿಗೆ ಉತ್ತರ ಕೊಡುವುದು, ಅವುಗಳ ನಕಲು ತೆಗೆದಿಡುವುದು, ಇದೆಲ್ಲವೂ ಅವನ ಪಾಲಿಗೆ ಬಂದಿತು. ಹೇಗೂ ಕೈಗೆ ಬರುತ್ತಿರುವ ಈ ವಾರ್ತೆಗಳನ್ನು ಅಚ್ಚುಮಾಡಿ ಮಾರಿದರೆ ವಿದ್ಯೆಗೂ ಪ್ರಚಾರ, ತನಗೂ ಜೀವನೋಪಾಯ ಎಂಬ ಆಲೋಚನೆಯಿಂದ ಪತ್ರಿಕೆ ಹುಟ್ಟಿತು. 1665ರ ಮಾರ್ಚ್ 1ರಂದು ಸೊಸೈಟಿಯ ಕಾರ್ಯಸಮಿತಿಯು ಇದಕ್ಕೆ ಅನುಮತಿಯನ್ನಿತ್ತಿತು. ಪತ್ರಿಕೆಯು ಪ್ರತಿ ತಿಂಗಳ ಮೊದಲನೆಯ ಸೋಮವಾರ ಹೊರಬರಬೇಕು. ಆದರೆ ಸಂಪಾದಕನ ಬಳಿ ಸಾಕಷ್ಟು ಸಾಮಗ್ರಿ ಇದ್ದರೆ ಮಾತ್ರ. ಕೆಲವರು ಸದಸ್ಯರು ಅದನ್ನು ಮೊದಲು ನೋಡಿರಬೇಕು. ಸಾಮಗ್ರಿ ಇದ್ದರೆ! ಮೂರು ಶತಮಾನಗಳಿಗೂ ಹಿಂದಿನ ಆ ಷರತ್ತನ್ನು ಓದಿದಾಗ ಯಾವ ಸಂಪಾದಕನಿಗೆ ತಾನೇ ನಗು ಬಾರದು?

ಮಾರ್ಚ್ 6ರಂದು ಹೊರಬಿದ್ದ ಮೊದಲ ಸಂಚಿಕೆಯಲ್ಲಿ 16 ಪುಟಗಳಿದ್ದುವು. ರೋಮಿನಲ್ಲಿ ತಯಾರಾದ ದೂರದರ್ಶಕದ ಗಾಜುಗಳು, ಗುರುಗ್ರಹದ ಮೇಲೆ ಹುಕ್ ಕಂಡ ಕಲೆ, ಫ್ರಾನ್ಸಿನ ಓಜೂ ಎಂಬಾತನು ಧೂಮಕೇತುವಿನ ಚಲನೆಯನ್ನು ಮುಂದಾಗಿ ಲೆಕ್ಕಹಾಕಿದ್ದು, ಬರ್ಮ್ಯೂಡಾ ದ್ವೀಪಗಳ ಬಳಿ ನಡೆದ ತಿಮಿಂಗಿಲದ ಬೇಟೆ, ಜರ್ಮನಿಯ ಸೀಸದ ಅದಿರು, ಇವೇ ಮುಂತಾದವು ಅಲ್ಲಿಯ ವಿಷಯಗಳು. ಸಂಪಾದಕನ ಸ್ವಂತ ಸಂಶೋಧನೆ ಎಂಬುದು ಅದರಲ್ಲಿ ಒಂದೂ ಇಲ್ಲ. ಎಲ್ಲವೂ ಬೇರೆಯವರು ಕಂಡದ್ದು, ಬೇರೆಯವರು ಮಾಡಿದ್ದು. ಆದರೆ ಆರಿಸಿದವನು, ಅನುವಾದಿಸಿದವನು, ಒಂದರ ಪಕ್ಕದಲ್ಲಿ ಮತ್ತೊಂದನ್ನಿಟ್ಟು ಹೊಂದಿಸಿದವನು ಓಲ್ಡನ್‌ಬರ್ಗನು.

ಆ ಸಂಚಿಕೆಯ ಇನ್ನೊಂದು ಬರಹವು ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಆಗತಾನೆ ತೀರಿಕೊಂಡಿದ್ದ ಗಣಿತಜ್ಞ ಫರ್ಮಾನನ್ನು ಕುರಿತ ಅದು ಪ್ಯಾರಿಸಿನ ‘ಜೂರ್ನಾಲ್ ದೆ ಸಾವಾಂ’ ಎಂಬ ಪತ್ರಿಕೆಯಿಂದ ತೆಗೆದುಕೊಂಡದ್ದು. ಆ ಪತ್ರಿಕೆಯನ್ನು ದೆನಿ ದ ಸಾಲೊ ಎಂಬ ನ್ಯಾಯವಿದನು ಎರಡು ತಿಂಗಳ ಹಿಂದೆ, 1665ರ ಜನವರಿ 5ರಂದು ಪ್ರಾರಂಭಿಸಿದ್ದನು. ಲೌಕಿಕದೃಷ್ಟಿಯಿಂದ ನೋಡಿದರೆ ಇವೆರಡೂ ಪ್ರತಿಸ್ಪರ್ಧಿಗಳಾಗಬೇಕಾಗಿತ್ತು. ಓಲ್ಡನ್‌ಬರ್ಗನು ಹಾಗೆ ಭಾವಿಸಲಿಲ್ಲ. ಪ್ಯಾರಿಸಿನ ಪತ್ರಿಕೆಯಿಂದ ತಾನು ಪಡೆದನು. ಪ್ಯಾರಿಸಿನವರೂ ಲಂಡನ್ನಿನ ಸಂಗತಿಗಳನ್ನು ಫ್ರೆಂಚಿಗೆ ತಿರುಗಿಸಿ ಪ್ರಕಟಿಸಿದರು. ದ ಸಾಲೊ ಹೊಸ ಗ್ರಂಥಗಳನ್ನು ತೀಕ್ಷ್ಣವಾಗಿ ವಿಮರ್ಶಿಸಿ ಹಲವರ ಕೋಪಕ್ಕೆ ಪಾತ್ರನಾದನು. ಅವನ ಪತ್ರಿಕೆ 13 ಸಂಚಿಕೆಗಳಿಗೇ ನಿಂತುಹೋಗಿ, ಮುಂದಿನ ವರ್ಷ ಗಾಲ್ವಾ ಎಂಬ ಮತ್ತೊಬ್ಬ ಸಂಪಾದಕನ ಕೈಯಲ್ಲಿ ಪುನಃ ಹೊರಟಿತು. ತೀರ್ಪು ಕೊಡುವ ಸಂಪಾದಕನಿಗೂ, ಕೊಡುಕೊಳ್ಳುವಿಕೆಯನ್ನು ನಡೆಸುವ ಸಂಪಾದಕನಿಗೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಓಲ್ಡನ್‌ಬರ್ಗನ ಕಾರ್ಯವಿಧಾನದಲ್ಲಿ ಮೂರು ಅಂಶಗಳನ್ನು ಗುರುತಿಸಬಹುದು. ಮೊದಲನೆಯದು, ಬೇಡುವ ಮುನ್ನ ಕೊಡುವುದು. ಅವನು ಬರೆದ ಪತ್ರಗಳಲ್ಲಿ ಪ್ರಶ್ನೆ ಇರುತ್ತಿತ್ತು. ಅದರೊಡನೆ ಲಂಡನ್ನಿನ ಹೊಸ ಸುದ್ದಿಯೂ ಇರುತ್ತಿತ್ತು. ಆ ಸುದ್ದಿಯ ಋಣವನ್ನು ತೀರಿಸಲೆಂದಾದರೂ ಅತ್ತಕಡೆಯವರು ಉತ್ತರ ಬರೆಯುತ್ತಿದ್ದರು. ಎರಡನೆಯದು, ಕೊಟ್ಟವನ ಹೆಸರನ್ನೂ ಕೊಟ್ಟ ದಿನವನ್ನೂ ಮರೆಯದೆ ದಾಖಲಿಸುವುದು. ತನ್ನ ಆವಿಷ್ಕಾರವನ್ನು ಹೊರಗೆಡಹಿದರೆ ಬೇರೊಬ್ಬನು ಅದನ್ನು ತನ್ನದೆಂದಾನು ಎಂಬ ಭಯ ಅಂದಿನ ವಿದ್ವಾಂಸರನ್ನು ಕಾಡುತ್ತಿತ್ತು. ಹಲವರು ತಾವು ಕಂಡದ್ದನ್ನು ಗೂಢಾಕ್ಷರಗಳಲ್ಲಿ ಬಚ್ಚಿಡುತ್ತಿದ್ದರು. ತೇದಿಯೊಡನೆ ಅಚ್ಚಾದ ಪುಟವೇ ಹಕ್ಕಿನ ಸಾಕ್ಷಿಯಾಗುತ್ತದೆಂಬ ನಂಬಿಕೆಯನ್ನು ಹುಟ್ಟಿಸಿ ಅವನು ಆ ಬೀಗವನ್ನು ತೆರೆಸಿದನು. ಮೂರನೆಯದು, ಹೆಸರಿಲ್ಲದವರಿಗೂ ಹೆಸರಾದವರ ಪಕ್ಕದಲ್ಲಿ ಸ್ಥಾನ ಕೊಡುವುದು.

ಈ ಮೂರನೆಯ ಗುಣಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಲೇವನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿ ಇದ್ದನು. ಲ್ಯಾಟಿನ್ ಬಾರದ, ವಿಶ್ವವಿದ್ಯಾಲಯದ ಮೆಟ್ಟಲನ್ನು ಹತ್ತದ ಅವನು ತಾನೇ ಅರೆದು ಮಾಡಿದ ಪುಟ್ಟ ಮಸೂರಗಳಿಂದ ಸೂಕ್ಷ್ಮಲೋಕವನ್ನು ನೋಡುತ್ತಿದ್ದನು. ಅದೇ ಊರಿನ ವೈದ್ಯ ದ ಗ್ರಾಫನು 1673ರಲ್ಲಿ ಅವನನ್ನು ಕುರಿತು ಓಲ್ಡನ್‌ಬರ್ಗನಿಗೆ ಬರೆದನು. ಓಲ್ಡನ್‌ಬರ್ಗನು ಆ ವ್ಯಾಪಾರಿಯ ಡಚ್ ಭಾಷೆಯ ಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸತೊಡಗಿದನು. ನೀರಿನಲ್ಲಿ ಕಂಡ ಅತಿಸೂಕ್ಷ್ಮ ಜೀವಿಗಳನ್ನು ವರ್ಣಿಸಿದ, 1676ರ ಅಕ್ಟೋಬರಿನ ಸುಪ್ರಸಿದ್ಧ ಪತ್ರವು 1677ರಲ್ಲಿ ಬೆಳಕು ಕಂಡದ್ದು ಹೀಗೆಯೇ. ಲೇವನ್‌ಹುಕನು 1723ರಲ್ಲಿ ತಾನು ಸಾಯುವವರೆಗೂ, ಸುಮಾರು ಐವತ್ತು ವರ್ಷ ಕಾಲ, ಸೊಸೈಟಿಗೆ ಬರೆಯುತ್ತಲೇ ಇದ್ದನು. ಬೊಲೋನ್ಯದ ಮಾಲ್ಪೀಗಿಯನ್ನು ಪ್ರೇರೇಪಿಸಿದವನೂ ಓಲ್ಡನ್‌ಬರ್ಗನೇ. ರೇಷ್ಮೆಹುಳುವಿನ ಅಂಗರಚನೆಯನ್ನು ಕುರಿತ ಅವನ ಗ್ರಂಥ 1669ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕೇಂಬ್ರಿಜ್ಜಿನಲ್ಲಿ ಒಂಟಿಯಾಗಿದ್ದ ನ್ಯೂಟನ್ನನು ಬೆಳಕು ಹಾಗೂ ಬಣ್ಣಗಳನ್ನು ಕುರಿತು ಬರೆದ ಪ್ರಬಂಧವೂ 1672ರಲ್ಲಿ ಈ ಪತ್ರಿಕೆಯಲ್ಲಿಯೇ ಮೊದಲು ಪ್ರಕಟವಾಯಿತು.

ಈ ಸಾಧನೆಯು ಸುಖವಾಗಿ ಆದುದಲ್ಲ. ಪತ್ರಿಕೆ ಹುಟ್ಟಿದ ವರ್ಷವೇ ಲಂಡನ್ನಿಗೆ ಪ್ಲೇಗು ಬಂದಿತು. ಸೊಸೈಟಿಯ ಸದಸ್ಯರು ಚದರಿಹೋದರು. ಓಲ್ಡನ್‌ಬರ್ಗನು ಊರಿನಲ್ಲಿಯೇ ಉಳಿದು, ಕೆಲವು ಸಂಚಿಕೆಗಳನ್ನು ಆಕ್ಸ್‌ಫರ್ಡಿನಲ್ಲಿ ಅಚ್ಚುಹಾಕಿಸಿದನು. 1666ರ ಮಹಾಗ್ನಿಯಲ್ಲಿ ಪುಸ್ತಕವ್ಯಾಪಾರಿಗಳ ದಾಸ್ತಾನು ಸುಟ್ಟುಹೋಯಿತು. ಇವೆರಡಕ್ಕಿಂತಲೂ ದೊಡ್ಡ ವಿಪತ್ತು 1667ರಲ್ಲಿ ಬಂದೊದಗಿತು. ಇಂಗ್ಲೆಂಡಿಗೂ ಹಾಲೆಂಡಿಗೂ ಯುದ್ಧ ನಡೆಯುತ್ತಿದ್ದ ಕಾಲ ಅದು. ಹೊರದೇಶಗಳೊಡನೆ ಇಷ್ಟೊಂದು ಪತ್ರವ್ಯವಹಾರ ನಡೆಸುವ ಜರ್ಮನನ ಮೇಲೆ ಸರಕಾರಕ್ಕೆ ಸಂಶಯ ಉಂಟಾಯಿತು. ಜೂನ್ ತಿಂಗಳಿನಲ್ಲಿ ಅವನನ್ನು ಹಿಡಿದು ಲಂಡನ್ನಿನ ಟವರ್ ಕೋಟೆಯ ಸೆರೆಮನೆಗೆ ಹಾಕಿದರು. ಆಗಸ್ಟಿನ ಕೊನೆಯಲ್ಲಿ ಬಿಡುಗಡೆಯಾಗಿ ಬಂದ ಅವನು ಪುನಃ ಅದೇ ಪತ್ರಗಳನ್ನು ಬರೆಯಲು ಕುಳಿತನು. ಎಷ್ಟು ವರ್ಷ ನೆಲಸಿದರೂ, ಎಷ್ಟು ಸೇವೆಮಾಡಿದರೂ, ಹೊರಗಿನಿಂದ ಬಂದವನು ಸಂಕಟಕಾಲದಲ್ಲಿ ಹೊರಗಿನವನೇ ಆಗಿಬಿಡುತ್ತಾನೆಂಬ ಕಹಿಸತ್ಯವನ್ನು ಆ ಎರಡು ತಿಂಗಳು ಅವನಿಗೆ ಕಲಿಸಿರಬೇಕು. ಸೊಸೈಟಿಯು ಅವನಿಗೆ ವರ್ಷಕ್ಕೆ 40 ಪೌಂಡುಗಳ ವೇತನವನ್ನು ಗೊತ್ತುಮಾಡಿದ್ದು ಇದಾದ ಮೇಲೆ, 1669ರಲ್ಲಿ.

ಹಲವರ ನಡುವೆ ನಿಂತವನಿಗೆ ಇನ್ನೊಂದು ಬಗೆಯ ಅಪಾಯವೂ ಉಂಟು. ಸುರುಳಿಯ ತಂತಿಯಿಂದ ನಡೆಯುವ ಗಡಿಯಾರವನ್ನು ಹೈಗನ್ಸನು 1675ರಲ್ಲಿ ಪ್ರಕಟಪಡಿಸಿದಾಗ, ಅದನ್ನು ತಾನು ಎಂದೋ ಕಂಡುಹಿಡಿದಿದ್ದೆನೆಂದೂ, ಸುದ್ದಿಯನ್ನು ಹೊರಗೆ ಮುಟ್ಟಿಸಿದವನು ಕಾರ್ಯದರ್ಶಿಯೇ ಎಂದೂ ಹುಕ್ ಆರೋಪಿಸಿದನು. ಸೊಸೈಟಿಯ ಕಾರ್ಯಸಮಿತಿಯು ಓಲ್ಡನ್‌ಬರ್ಗನ ಪ್ರಾಮಾಣಿಕತೆಯನ್ನು ಎತ್ತಿಹಿಡಿಯಿತಾದರೂ, ಅವನು ಸಂಪೂರ್ಣವಾಗಿ ನಿರ್ಲಿಪ್ತನಾಗಿದ್ದನೆಂದು ಹೇಳುವಂತಿಲ್ಲ. ಆ ಗಡಿಯಾರಕ್ಕೆ ಇಂಗ್ಲೆಂಡಿನಲ್ಲಿ ದೊರೆಯಬಹುದಾದ ಹಕ್ಕನ್ನು ಹೈಗನ್ಸನು ಓಲ್ಡನ್‌ಬರ್ಗನಿಗೇ ಬಿಟ್ಟುಕೊಡಲು ಮುಂದಾಗಿದ್ದನು. ಮಧ್ಯಸ್ಥನ ಏಕೈಕ ಮೂಲಧನವೆಂದರೆ ವಿಶ್ವಾಸ. ಅದರಲ್ಲಿ ಸ್ವಲಾಭದ ನೆರಳು ಬಿದ್ದರೂ ಸಾಕು, ಹತ್ತು ವರ್ಷಗಳ ದುಡಿಮೆಗೆ ಮಸಿ ಹತ್ತುತ್ತದೆ. ಇಂದಿನ ಸಂಪಾದಕರೂ ಈ ಪ್ರಕರಣವನ್ನು ಮರೆಯಲಾಗದು.

1677ರ ಸೆಪ್ಟೆಂಬರಿನಲ್ಲಿ ಓಲ್ಡನ್‌ಬರ್ಗನು ಹಠಾತ್ತಾಗಿ ತೀರಿಕೊಂಡನು. ಅಷ್ಟುಹೊತ್ತಿಗೆ ಅವನ ಕೈಯಿಂದ 136 ಸಂಚಿಕೆಗಳು ಹೊರಬಂದಿದ್ದುವು. ಗ್ರೂ ಎಂಬ ಸಸ್ಯಶಾಸ್ತ್ರಜ್ಞನು ಇನ್ನಾರು ಸಂಚಿಕೆಗಳನ್ನು ಹೊರಡಿಸಿದನು. 1679ರಲ್ಲಿ ಪತ್ರಿಕೆಯು ನಿಂತುಹೋಯಿತು. ಹುಕ್ ಬೇರೊಂದು ಹೆಸರಿನಲ್ಲಿ ತನ್ನದೇ ಆದ ಪತ್ರಿಕೆಯನ್ನು ನಡೆಸಲು ಯತ್ನಿಸಿದನು. ಏಳು ಸಂಚಿಕೆಗಳಿಗೆ ಅದೂ ಮುಗಿಯಿತು. ಪ್ರತಿಭೆಯಲ್ಲಿ ಹುಕ್ ಓಲ್ಡನ್‌ಬರ್ಗನಿಗಿಂತ ಎಷ್ಟೋ ಮೇಲು. ಆದರೆ ಪತ್ರಿಕೆಯನ್ನು ಬದುಕಿಸುವ ವಿದ್ಯೆಯೇ ಬೇರೆ. 1683ರಲ್ಲಿ ಪ್ಲಾಟ್ ಎಂಬಾತನ ಸಂಪಾದಕತ್ವದಲ್ಲಿ ಹಳೆಯ ಪತ್ರಿಕೆ ಮರುಹುಟ್ಟು ಪಡೆಯಿತು. ಸೊಸೈಟಿಯು ಅದರ ಹೊಣೆಯನ್ನು ತಾನೇ ವಹಿಸಿಕೊಂಡದ್ದು 1752ರಲ್ಲಿ. ಅಲ್ಲಿಯವರೆಗೂ ಅದು ಒಬ್ಬೊಬ್ಬ ಕಾರ್ಯದರ್ಶಿಯ ಶ್ರದ್ಧೆಯ ಮೇಲೆ ನಿಂತಿತ್ತು. ಸಹಕಾರದ ಎಳೆಗಳೆಲ್ಲ ಒಬ್ಬನ ಕೈಯಲ್ಲಿಯೇ ಕೂಡಿದ್ದರೆ, ಆ ಕೈ ಸಡಿಲವಾದ ದಿನ ಬಲೆಯೇ ಬಿಚ್ಚಿಹೋಗುತ್ತದೆ. ಇದು ಓಲ್ಡನ್‌ಬರ್ಗನ ಕೊರತೆಯೆನ್ನುವುದಕ್ಕಿಂತ, ಅವನೊಬ್ಬನಿಗೇ ಎಲ್ಲವನ್ನೂ ಬಿಟ್ಟು ಕುಳಿತವರ ಕೊರತೆಯೆನ್ನುವುದು ನ್ಯಾಯ.

ಅವನ ಪತ್ರವ್ಯವಹಾರವನ್ನು ರೂಪರ್ಟ್ ಹಾಲ್ ಮತ್ತು ಮೇರಿ ಬೋಆಸ್ ಹಾಲ್ ದಂಪತಿಗಳು 1965ರಿಂದ 1986ರ ವರೆಗೆ 13 ಸಂಪುಟಗಳಲ್ಲಿ ಪ್ರಕಟಿಸಿದರು. ಆ ಸಂಪುಟಗಳಲ್ಲಿ ಅವನ ಕಾಗದಗಳಷ್ಟೇ ಅಲ್ಲ, ಅವನಿಗೆ ಬಂದ ಕಾಗದಗಳೂ ಇವೆ. ಅವನ ಜೀವನಚರಿತ್ರೆ ಹಾಗಿರುವುದೇ ಉಚಿತ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಚದರಿ ನೆಲಸಿರುವ ನಾವು ಪತ್ರಿಕೆಗಳನ್ನು ಕುರಿತು ಮಾತನಾಡುವಾಗ ಚಂದಾದಾರರ ಸಂಖ್ಯೆಯನ್ನು ಕೇಳುತ್ತೇವೆ. ಅದು ಕೇಳತಕ್ಕದ್ದೇ. ಅದರೊಡನೆ, ನೆರೆಯ ಪತ್ರಿಕೆಗೆ ನಾವು ಈ ವರ್ಷ ಏನನ್ನು ಕೊಟ್ಟೆವು, ಹೆಸರಿಲ್ಲದ ಯಾವ ಬರಹಗಾರನನ್ನು ಹುಡುಕಿ ಬರೆಯಿಸಿದೆವು, ಸಂಪಾದಕರ ಮೇಜಿನ ಭಾರದಲ್ಲಿ ಯಾವ ಪಾಲನ್ನು ಹೊತ್ತೆವು ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದೂ ಅಗತ್ಯ. ಮುಂದಿನ ಸಂಚಿಕೆಗೆ ಸಾಮಗ್ರಿ ಸಾಕಷ್ಟಿದೆಯೇ ಎಂಬ ಆ ಹಳೆಯ ಷರತ್ತಿನ ಉತ್ತರವು ಸಂಪಾದಕರ ಕೈಯಲ್ಲಿಲ್ಲ; ಓದುತ್ತಿರುವವರ ಕೈಯಲ್ಲಿದೆ.