ನಮ್ಮ ಪಾಲಿನ ಅವಳಿ ನಗರ: ಹುಬ್ಬಳ್ಳಿ-ಧಾರವಾಡ

ನಮ್ಮ ಶಾಲೆಯಿಂದ ಎಸ್.ಎಸ್.ಎಲ್.ಸಿ. ಪಾಸಾದವರು ಮುಂದೆ ಓದಲು ಹತ್ತುವ ಬಸ್ಸು ಧಾರವಾಡದ್ದು, ಇಲ್ಲವೆ ಹುಬ್ಬಳ್ಳಿಯದು. ಊರಿನ ಹಿರಿಯರು ದವಾಖಾನೆಗೆ, ಮದುವೆ ಜವಳಿಗೆ, ಕೋರ್ಟಿನ ತಾರೀಖಿಗೆ, ಸಿದ್ಧಾರೂಢರ ಜಾತ್ರೆಗೆ ಅಲ್ಲಿಗೇ ಹೋಗಿ ಸಂಜೆಗೆ ಮನೆ ಸೇರುತ್ತಾರೆ. ನಾನು ಪಿ.ಯು.ಸಿ.ಯನ್ನು ಧಾರವಾಡದಲ್ಲಿ, ಬಿ.ಇ.ಯನ್ನು ಹುಬ್ಬಳ್ಳಿಯಲ್ಲಿ ಓದಿದೆ. ಆರು ವರ್ಷ ಬೆಂಗಳೂರಿನಲ್ಲಿ ದುಡಿದು, ಈಗ ಹುಬ್ಬಳ್ಳಿಯಲ್ಲೇ ಮನೆ ಮಾಡಿಕೊಂಡು ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. "ಬೆಂಗಳೂರು ಬಿಟ್ಟು ಯಾಕ ಬಂದ್ಯೋ ತಮ್ಮಾ?" ಎಂದು ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಹೇಳಿದಾಗ, ಈ ಪ್ರಶ್ನೆಗೇ ಉತ್ತರ ಬರೆಯೋಣ ಎನ್ನಿಸಿತು. ಆ ಉತ್ತರ ಅವಳಿ ನಗರದ ಇತಿಹಾಸದಲ್ಲಿಯೇ ಇದೆ.

ದೊಡ್ಡ ಊರುಗಳು ಸಾಮಾನ್ಯವಾಗಿ ನದಿಯ ದಂಡೆಯಲ್ಲಿ, ಸಮುದ್ರದ ತೀರದಲ್ಲಿ ಅಥವಾ ಅರಸರ ರಾಜಧಾನಿಯ ಸುತ್ತ ಬೆಳೆಯುತ್ತವೆ. ಹುಬ್ಬಳ್ಳಿ-ಧಾರವಾಡಕ್ಕೆ ದೊಡ್ಡ ನದಿಯೂ ಇಲ್ಲ, ಅರಮನೆಯೂ ಇಲ್ಲ. ಧಾರವಾಡ ಇರುವುದು ಮಲೆನಾಡು ಮತ್ತು ಬಯಲುಸೀಮೆ ಕೂಡುವ ಏರಿನ ಮೇಲೆ. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರದ ದಾರಿ ಹಿಡಿಯುತ್ತದೆ. ಏರಿನ ಮೂಡಣ ಬದಿಗೆ ಬಿದ್ದ ಮಳೆ ಹಳ್ಳಗಳನ್ನು ಸೇರಿ, ಮಲಪ್ರಭೆ ಮತ್ತು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಬಿದ್ದ ನೀರು ಎರಡೂ ಕಡೆಗೆ ಹರಿದುಹೋಗುವ ಇಂಥ ನೆಲದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ನಗರ ಹೇಗೆ ಬೆಳೆಯಿತು?

ಧಾರವಾಡದ ಬೆಳವಣಿಗೆಗೆ ಸರಕಾರಿ ಕಚೇರಿಗಳು ಮತ್ತು ಶಾಲೆಗಳು ಕಾರಣ. ಪೇಶ್ವೆಯರ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು, ಧಾರವಾಡ ಜಿಲ್ಲೆಯ ಕೇಂದ್ರವಾಯಿತು. ಆಗ ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ, ಅಲ್ಲಿ ಕಲಿಸುವ ಶಿಕ್ಷಕರಿಗಾಗಿ ದುಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಮೇಲೂ ಎಷ್ಟೋ ವರ್ಷ ಕಾಲೇಜು ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಅದು ಸಾಮಾನ್ಯ ಒಕ್ಕಲಿನ ಮನೆಯ ಹುಡುಗನಿಂದ ಆಗುವ ಮಾತಲ್ಲ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ಊರೂರು ಅಲೆದು ವಂತಿಗೆ ಕೂಡಿಸಿದರು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು.

ಕಾಲೇಜಾದರೆ ಸಾಲದು, ಹಳ್ಳಿಯಿಂದ ಬಂದ ಹುಡುಗ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿ ಸಾವಿರಾರು ಮಕ್ಕಳಿಗೆ ಅನ್ನವಿಟ್ಟರು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮ ದಂಪತಿ ದಲಿತ ಬಾಲಕಿಯರಿಗಾಗಿ ಆಶ್ರಮ ನಡೆಸಿದರು. ಬಾಸೆಲ್ ಮಿಶನ್, ಅಂಜುಮನ್ ಸಂಸ್ಥೆಗಳು ಶಾಲೆ ತೆರೆದವು. ಮುಂದೆ ಸರಕಾರದ ವಸತಿ ನಿಲಯಗಳೂ ಬಂದವು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಇಂಥ ಯಾವುದಾದರೊಂದು ನಿಲಯದ ಅನ್ನ ಉಂಡವರು ಎಷ್ಟು ಜನರಿದ್ದಾರೆ ಎಂದು ಎಣಿಸಿದರೆ, ಈ ಸಂಚಿಕೆಯ ಒಂದು ಪುಟ ಅವರ ಹೆಸರಿನಿಂದಲೇ ತುಂಬೀತು.

ಹುಬ್ಬಳ್ಳಿ ಬೆಳೆದ ದಾರಿ ಬೇರೆ. ಅದು ಹತ್ತಿಯ ಪೇಟೆ. 1880ರ ದಶಕದಲ್ಲಿ ರೈಲು ಬಂತು, ರೈಲ್ವೆ ವರ್ಕ್‌ಶಾಪು ಬಂತು, ಗಿರಣಿಗಳು ಎದ್ದವು. ಹೊಲದಲ್ಲಿ ಬೆಳೆದ ಅರಳೆ ದೂರದ ಊರುಗಳಿಗೆ ಹೋಗತೊಡಗಿತು, ದೂರದ ಊರುಗಳಿಂದ ಕೆಲಸಗಾರರು, ವ್ಯಾಪಾರಿಗಳು ಇಲ್ಲಿಗೆ ಬಂದು ನೆಲೆಸಿದರು. 1947ರಲ್ಲಿ ಭೂಮರಡ್ಡಿಯವರ ದೇಣಿಗೆಯಿಂದ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. 1957ರಲ್ಲಿ ಆರಂಭವಾದ ಮೆಡಿಕಲ್ ಕಾಲೇಜು ಮುಂದೆ ಕಿಮ್ಸ್ ಎಂದು ಹೆಸರಾಯಿತು. ಸುತ್ತಲಿನ ಹಲವು ಜಿಲ್ಲೆಗಳ ಬಡವರಿಗೆ ಅದೇ ದೊಡ್ಡಾಸ್ಪತ್ರೆ. ಕರ್ನಾಟಕ ಏಕೀಕರಣದ ಕಾವು ಏರಿದ್ದೂ ಈ ಪೇಟೆಯ ಬೀದಿಗಳಲ್ಲಿಯೇ. 1953ರಲ್ಲಿ ಶಂಕರಗೌಡ ಪಾಟೀಲರು ಅದರಗುಂಚಿಯಲ್ಲಿ ಉಪವಾಸ ಕುಳಿತಾಗ ಹುಬ್ಬಳ್ಳಿಯ ಜನ ಸಾವಿರಗಟ್ಟಲೆ ಬೀದಿಗಿಳಿದರು. ಮೂರೂವರೆ ವರ್ಷಕ್ಕೆ ನಾಡು ಒಂದಾಯಿತು.

ಇಪ್ಪತ್ತು ಕಿಲೋಮೀಟರ್ ಅಂತರದ ಈ ಎರಡು ಊರುಗಳನ್ನು 1962ರಲ್ಲಿ ಒಂದೇ ಮಹಾನಗರಪಾಲಿಕೆಗೆ ಸೇರಿಸಿದರು. ಅಷ್ಟರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡಕ್ಕೆ ಬಂದಿತ್ತು, 1950ರಿಂದ ಆಕಾಶವಾಣಿ ಮಾತಾಡುತ್ತಿತ್ತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, 2008ರಲ್ಲಿ ಹೈಕೋರ್ಟ್ ಪೀಠ, 2016ರಲ್ಲಿ ಐ.ಐ.ಟಿ. ಹೀಗೆ ಒಂದೊಂದೇ ಸೇರಿದವು. ಮೊದಲೆಲ್ಲ ಹೈಕೋರ್ಟಿನ ಕೆಲಸಕ್ಕೆ ನಮ್ಮ ರೈತ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಿತ್ತು. ಈಗ ಬುತ್ತಿ ಕಟ್ಟಿಕೊಂಡು ಹೋಗಿ ಅದೇ ದಿನ ಬರುತ್ತಾನೆ.

ಬದುಕಲು ಒಳ್ಳೆಯ ಊರು ಎಂದರೆ ನನ್ನ ಲೆಕ್ಕದಲ್ಲಿ ಇಂಥದ್ದು: ದೊಡ್ಡ ಊರಿನಲ್ಲಿ ಸಿಗುವುದೆಲ್ಲ ಸಿಗಬೇಕು, ಅದು ನಮ್ಮ ಕೈಗೆ ಎಟುಕುವಂತೆಯೂ ಇರಬೇಕು. ಬೆಂಗಳೂರಿನಲ್ಲಿದ್ದಾಗ ಆಫೀಸಿಗೆ ಹೋಗಿಬರಲು ದಿನಕ್ಕೆ ಮೂರು ತಾಸು ಹಿಡಿಯುತ್ತಿತ್ತು. ಇಲ್ಲಿ ಇಪ್ಪತ್ತು ನಿಮಿಷ. ಉಳಿದ ಹೊತ್ತಿನಲ್ಲಿ ಮಗಳ ಅಭ್ಯಾಸ ನೋಡುತ್ತೇನೆ, ಉಣಕಲ್ ಕೆರೆಯ ದಂಡೆಯಲ್ಲಿ ಅಡ್ಡಾಡುತ್ತೇನೆ. ಅಪ್ಪನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಫೋನ್ ಬಂದರೆ ಊಟದ ಹೊತ್ತಿಗೆ ಊರಿನಲ್ಲಿರುತ್ತೇನೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಬಾಳಿದ ಊರಿದು. ಇಂದಿಗೂ ಒಳ್ಳೆಯ ಸಂಗೀತವನ್ನು ಟಿಕೇಟಿಲ್ಲದೆ, ಚಾಪೆಯ ಮೇಲೆ ಕುಳಿತು ಕೇಳಬಹುದು. ಬೇಂದ್ರೆಯವರ ಸಾಧನಕೇರಿಗೆ ಸಿಟಿ ಬಸ್ಸಿನಲ್ಲಿ ಹೋಗಿ ಬರಬಹುದು. 2018ರಿಂದ ಓಡುತ್ತಿರುವ ಚಿಗರಿ ಬಸ್ಸು ಎರಡೂ ಊರುಗಳನ್ನು ಇನ್ನೂ ಹತ್ತಿರ ತಂದಿದೆ.

ಹಾಗೆಂದು ಇಲ್ಲಿ ಎಲ್ಲವೂ ಚೆನ್ನಾಗಿದೆ ಎನ್ನುವಂತಿಲ್ಲ. ನದಿಯಿಲ್ಲದ ಊರಿಗೆ ನೀರಿನ ಚಿಂತೆ ತಪ್ಪಿಲ್ಲ. 1955ರಲ್ಲಿ ನೀರಸಾಗರ ಕಟ್ಟಿದರು, ಅದು ಸಾಲದೆ 1983ರಲ್ಲಿ ಮಲಪ್ರಭೆಯ ನೀರು ತಂದರು. 2008ರಲ್ಲಿ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಟ್ಟು ತೋರಿಸಿದ್ದಾರೆ. ಆದರೆ ಇವತ್ತಿಗೂ ಎಷ್ಟೋ ಓಣಿಗಳಲ್ಲಿ ಹೆಂಗಸರು ನಲ್ಲಿ ಬರುವ ದಿನ ಎಣಿಸಿಕೊಂಡು ಕೊಡ ತುಂಬಿಡುತ್ತಾರೆ. ಬೇಸಿಗೆಯಲ್ಲಿ ದೂಳು, ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು.

ಇದಕ್ಕಿಂತ ದೊಡ್ಡ ಕೊರತೆ ಮತ್ತೊಂದಿದೆ. ಇಲ್ಲಿ ಕಲಿತ ಎಂಜಿನಿಯರು ಇಲ್ಲಿ ನಿಲ್ಲುವುದಿಲ್ಲ. ನನ್ನ ಬಿ.ಇ. ತರಗತಿಯಲ್ಲಿ ಅರವತ್ತು ಜನರಿದ್ದೆವು. ಇಂದು ಅವಳಿ ನಗರದಲ್ಲಿರುವವರು ಐದು ಜನ. ಹೋದವರ ತಪ್ಪು ಎನ್ನಲಾರೆ. ಇಲ್ಲಿ ನೌಕರಿ ಕಡಿಮೆ, ಸಂಬಳ ಇನ್ನೂ ಕಡಿಮೆ. ನಾನು ಕೂಡ ಮನೆಯಿಂದಲೇ ದುಡಿಯಲು ಅವಕಾಶ ಸಿಕ್ಕಾಗಲೇ ಬರಲು ಧೈರ್ಯ ಮಾಡಿದ್ದು. ಆದರೆ ಓದಿದವರೆಲ್ಲ ಹೊರಟುಹೋದರೆ ಹೊಸ ಉದ್ಯೋಗ ಕಟ್ಟುವವರು ಯಾರು? ನಲ್ಲಿಯ ನೀರಿಗಾಗಿ, ಕೆರೆಯ ದಂಡೆಗಾಗಿ ಪಾಲಿಕೆಯ ಬಾಗಿಲು ಬಡಿಯುವವರು ಯಾರು? ನೂರು ವರ್ಷದ ಹಿಂದೆ ಪುಣೆಗೆ ಹೋಗಿ ಪದವಿ ಪಡೆದು ಬಂದ ಕೆಲವರು ಇಲ್ಲಿ ನಿಂತದ್ದರಿಂದ ನಮಗೆ ಕಾಲೇಜು ಸಿಕ್ಕಿತು. ಅವರೂ ಅಲ್ಲಿಯೇ ಉಳಿದಿದ್ದರೆ?

ನಮ್ಮ ಶಾಲೆಯ ಕತೆಯೂ ಬೇರೆಯಲ್ಲ. ಐವತ್ತು ವರ್ಷದ ಹಿಂದೆ ಊರವರು ಜಾಗ ಬಿಟ್ಟುಕೊಟ್ಟು, ಚಕ್ಕಡಿಯಲ್ಲಿ ಕಲ್ಲು ಹೇರಿ ತಂದದ್ದರಿಂದ ಈ ಕೋಣೆಗಳು ಎದ್ದವು ಎಂದು ಹಿರಿಯರು ಹೇಳುತ್ತಾರೆ. ಶಾಲೆಯಾಗಲಿ, ನಗರವಾಗಲಿ, ಪಡೆದವರು ತಿರುಗಿ ಕೊಟ್ಟಾಗಲೇ ಉಳಿಯುತ್ತದೆ.

ಈಗ ಹತ್ತನೆಯ ತರಗತಿಯಲ್ಲಿರುವ ತಮ್ಮ ತಂಗಿಯರೇ, ಎಲ್ಲಿಗೆ ಬೇಕಾದರೂ ಹೋಗಿ ಓದಿ, ದುಡಿಯಿರಿ, ಜಗತ್ತು ನೋಡಿ. ನೆಲೆ ನಿಲ್ಲುವ ಮಾತು ಬಂದಾಗ ಮಾತ್ರ, ಬಸ್ಸಿನ ದಾರಿಯಲ್ಲಿರುವ ಈ ಅವಳಿ ನಗರವನ್ನೂ ನಿಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಲ್ಲಿ ಮಾಡಲು ಕೆಲಸ ಬೇಕಾದಷ್ಟಿದೆ, ಜೊತೆಗೆ ನಾವಿದ್ದೇವೆ.