ಸರ್ಪಗಂಧ: ಒಂದು ಮೂಲಿಕೆಯ ಚರಿತ್ರೆ ಮತ್ತು ಆರೈಕೆ

ದೇವಸ್ಥಾನದ ಪರಿಸರದಲ್ಲಿ ಬಿಲ್ವ, ಅಶ್ವತ್ಥ, ತುಳಸಿ, ಕೇಪುಳಗಳಿಗೆ ಇರುವ ಸ್ಥಾನ ಭಕ್ತಾದಿಗಳಿಗೆಲ್ಲ ತಿಳಿದದ್ದೇ ಆಗಿದೆ. ಪೂಜೆಗೆ ಬೇಕಾದುದರಿಂದ ಅವುಗಳನ್ನು ನೆಟ್ಟು ನೀರೆರೆಯುವವರಿದ್ದಾರೆ. ಆದರೆ ಪೂಜೆಯ ಹೂವಿಗಾಗಲೀ ಎಲೆಗಾಗಲೀ ಯಾರೂ ಅರಸದ, ಮೊಣಕಾಲೆತ್ತರದ ಪೊದೆಗಿಡವೊಂದು ಕೇರಳದ ಕಾವುಗಳ ನೆರಳಿನಲ್ಲಿ ಇಂದಿಗೂ ಅಲ್ಲಲ್ಲಿ ಉಳಿದುಕೊಂಡಿದೆ. ಅದುವೇ ಸರ್ಪಗಂಧ. ಇದರ ಮದ್ದು ಇರುವುದು ಬೇರಿನಲ್ಲಿ. ಎಲೆ ಕೊಯ್ದರೆ ಗಿಡ ಚಿಗುರೀತು, ಬೇರು ಕಿತ್ತರೆ ಗಿಡವೇ ಹೋಯಿತು. ಈ ಒಂದು ಸಂಗತಿಯಲ್ಲಿಯೇ ಸರ್ಪಗಂಧದ ಕೀರ್ತಿಯೂ ಕಷ್ಟವೂ ಅಡಗಿದೆ.

ಹೆಸರು ಮತ್ತು ಗುರುತು

ಕನ್ನಡದಲ್ಲಿ ಇದಕ್ಕೆ ಸರ್ಪಗಂಧ, ಸೂತ್ರನಾಭಿ ಎಂಬ ಹೆಸರುಗಳಿದ್ದರೆ ಮಲಯಾಳದಲ್ಲಿ ಅಮಲ್ಪೊರಿ ಎನ್ನುತ್ತಾರೆ. ಕಾಸರಗೋಡು ಸೀಮೆಯಲ್ಲಿ ಒಂದೇ ಗಿಡವನ್ನು ಒಂದು ಮನೆಯವರು ಒಂದು ಹೆಸರಿನಿಂದಲೂ ಪಕ್ಕದ ಮನೆಯವರು ಇನ್ನೊಂದು ಹೆಸರಿನಿಂದಲೂ ಕರೆಯುವುದು ಹೊಸತೇನಲ್ಲ. ಗಿಡ ಒಂದರಿಂದ ಎರಡೂವರೆ ಅಡಿ ಎತ್ತರ ಬೆಳೆಯುತ್ತದೆ. ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆಗಳು. ಎಲೆಯ ಮೇಲ್ಭಾಗ ಹೊಳೆಯುವ ಹಸಿರು, ಅಡಿಭಾಗ ಮಾಸಲು. ಹೂವಿನ ದಳ ಬಿಳಿ, ಅದರ ಕೊಳವೆಯೂ ತೊಟ್ಟೂ ಕೆಂಪು. ಕಾಯಿ ಮೊದಲು ಹಸಿರಾಗಿದ್ದು, ಬಲಿತಾಗ ಕಡಲೆಗಾತ್ರದ ಕಪ್ಪು ಹಣ್ಣಾಗುತ್ತದೆ. ಬೇರು ಬಹಳ ಕಹಿ.

ಮುಂಗುಸಿಯು ಹಾವಿನೊಡನೆ ಹೋರಾಡುವ ಮೊದಲು ಈ ಗಿಡವನ್ನು ತಿನ್ನುತ್ತದೆ ಎಂಬ ಮಾತು ಬಹಳ ಹಿಂದಿನಿಂದಲೂ ಪ್ರಚಾರದಲ್ಲಿದೆ. ಆಯುರ್ವೇದದ ಗ್ರಂಥಗಳಲ್ಲಿಯೂ ಸರ್ಪಗಂಧವೆಂಬ ಹೆಸರು ವಿಷಹರ ಮೂಲಿಕೆಗಳ ಸಾಲಿನಲ್ಲಿ ಬರುತ್ತದೆ. ಹಾಗೆಂದು ಇಂದು ಹಾವು ಕಚ್ಚಿದಾಗ ಈ ಬೇರನ್ನು ನಂಬಿ ಹೊತ್ತು ಕಳೆಯುವುದು ಪ್ರಾಣಕ್ಕೆ ಅಪಾಯ. ಹಾವಿನ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದೇ ಮದ್ದು. ಸರ್ಪಗಂಧದ ನಿಜವಾದ ಗುಣ ಬೇರೆಯೇ ಇದೆ.

ಕೊಚ್ಚಿಯಲ್ಲಿ ಸಿದ್ಧವಾದ ಮಹಾಗ್ರಂಥ

ಈ ಗಿಡದ ಲಿಖಿತ ಚರಿತ್ರೆಯಲ್ಲಿ ಕೇರಳಕ್ಕೆ ದೊಡ್ಡ ಪಾಲಿದೆ. 17ನೆಯ ಶತಮಾನದಲ್ಲಿ ಕೊಚ್ಚಿಯಲ್ಲಿ ಡಚ್ಚರ ಗವರ್ನರನಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ಗ್ರಂಥವೊಂದನ್ನು ಸಿದ್ಧಪಡಿಸಿದನು. 'ಹೋರ್ಟುಸ್ ಮಲಬಾರಿಕುಸ್' ಎಂಬ ಆ ಲ್ಯಾಟಿನ್ ಗ್ರಂಥ 1678ರಿಂದ 1693ರ ವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಸರ್ಪಗಂಧದ ಚಿತ್ರವೂ ವಿವರಣೆಯೂ ಅದರಲ್ಲಿ ಮಲಯಾಳದ ಹೆಸರಿನಲ್ಲಿಯೇ ಇವೆ.

ವಾನ್ ರೀಡನಿಗೆ ಗಿಡಗಳ ಗುಣವನ್ನು ತಿಳಿಸಿಕೊಟ್ಟವರು ಊರಿನ ವೈದ್ಯರು. ಚೇರ್ತಲ ಪ್ರದೇಶದ ಕಡಕ್ಕರಪಳ್ಳಿಯ ಈಳವ ವೈದ್ಯ ಇಟ್ಟಿ ಅಚ್ಯುತನ್ ತಮ್ಮ ಮನೆತನದ ತಾಳೆಗರಿಗಳಲ್ಲಿದ್ದ ಜ್ಞಾನವನ್ನು ಹೇಳಿ ಬರೆಸಿದರು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರೂ ಈ ಕೆಲಸದಲ್ಲಿ ಕೈಜೋಡಿಸಿದರು. ಇವರೆಲ್ಲರೂ 1675ರಲ್ಲಿ ಬರೆದುಕೊಟ್ಟ ದೃಢಪತ್ರಗಳು ಗ್ರಂಥದ ಮೊದಲ ಸಂಪುಟದಲ್ಲಿಯೇ ಅಚ್ಚಾಗಿವೆ. ಜಾತಿಭೇದ ಬಲವಾಗಿದ್ದ ಆ ಕಾಲದಲ್ಲಿ ಈಳವ ವೈದ್ಯರೂ ಬ್ರಾಹ್ಮಣ ವೈದ್ಯರೂ ಒಂದೇ ಗ್ರಂಥಕ್ಕಾಗಿ ದುಡಿದದ್ದು ಸ್ಮರಣೀಯ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕೊಂಕಣಿ ಭಾಷಿಕರಿಗೂ ಇದು ಅಭಿಮಾನದ ವಿಷಯ. ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ಅವರು ದಶಕಗಟ್ಟಲೆ ಶ್ರಮಿಸಿ ಇದನ್ನು ಇಂಗ್ಲಿಷಿಗೂ ಅನಂತರ ಮಲಯಾಳಕ್ಕೂ ತಂದರು. ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾನಿಲಯವು 2003ರಲ್ಲಿ ಪ್ರಕಟಿಸಿತು.

ಸಸ್ಯಶಾಸ್ತ್ರಜ್ಞರು ಮುಂದೆ ಈ ಗಿಡಕ್ಕೆ ಕೊಟ್ಟ ಹೆಸರು ರಾವುಲ್ಫಿಯ ಸರ್ಪೆಂಟಿನ. 16ನೆಯ ಶತಮಾನದ ಜರ್ಮನ್ ವೈದ್ಯ ಲಿಯೊನ್‌ಹಾರ್ಡ್ ರೌವೋಲ್ಫನ ನೆನಪಿನ ಹೆಸರಿದು. ಆತ ಬಾಗ್ದಾದಿನ ವರೆಗೆ ಪ್ರಯಾಣ ಮಾಡಿದವನು, ಭಾರತಕ್ಕೆ ಬಂದವನಲ್ಲ. ಗಿಡವನ್ನು ಬಳಸಿ ಬಲ್ಲ ವೈದ್ಯರ ಹೆಸರು ಗಿಡಕ್ಕೆ ಬರಲಿಲ್ಲ.

ಲೋಕಪ್ರಸಿದ್ಧಿ

ಬಿಹಾರದ ಕಡೆ ಹಳ್ಳಿಯ ಜನ ಈ ಬೇರನ್ನು 'ಪಾಗಲ್ ಕೀ ದವಾ', ಅಂದರೆ ಹುಚ್ಚಿನ ಮದ್ದು ಎಂದು ಕರೆಯುತ್ತಿದ್ದರು. 1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಚಿತ್ತಭ್ರಮೆಗೂ ರಕ್ತದ ಒತ್ತಡಕ್ಕೂ ಈ ಬೇರು ಪರಿಣಾಮಕಾರಿಯೆಂದು ಲೇಖನ ಪ್ರಕಟಿಸಿದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇರಿನಿಂದ ರಾಸಾಯನಿಕ ಸಾರಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು.

1949ರಲ್ಲಿ ಮುಂಬಯಿಯ ಹೃದ್ರೋಗತಜ್ಞ ಡಾ. ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ 50 ರೋಗಿಗಳಿಗೆ ಈ ಮದ್ದನ್ನು ಕೊಟ್ಟು ಕಂಡುಕೊಂಡ ಫಲವನ್ನು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದರು. ಹೊರದೇಶಗಳ ಕಣ್ಣು ತೆರೆದದ್ದು ಆಗ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸಾರವಾದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. 1954ರಲ್ಲಿ ನ್ಯೂಯಾರ್ಕಿನ ಡಾ. ನೇಥನ್ ಕ್ಲೈನ್ ಮಾನಸಿಕ ರೋಗಿಗಳಲ್ಲಿ ಅದರ ಪ್ರಯೋಜನವನ್ನು ವರದಿ ಮಾಡಿದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟ ಮೊಲಗಳು ಅಲುಗಾಡದೆ ಕುಳಿತುಬಿಡುವುದನ್ನೂ ಎಲ್-ಡೋಪಾ ಕೊಟ್ಟಾಗ ಮತ್ತೆ ಚೇತರಿಸಿಕೊಳ್ಳುವುದನ್ನೂ ತೋರಿಸಿದರು. ನಡುಕವಾಯು ಎನಿಸುವ ಪಾರ್ಕಿನ್ಸನ್ ರೋಗಕ್ಕೆ ಚಿಕಿತ್ಸೆಯ ದಾರಿ ತೆರೆದದ್ದು ಈ ಸಂಶೋಧನೆಯಿಂದ. 2000ದಲ್ಲಿ ಅವರು ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಕ್ರಮೇಣ ರಿಸರ್ಪಿನ್‌ನಿಂದ ಕೆಲವರಲ್ಲಿ ಮನಸ್ಸು ಕುಗ್ಗುವ ತೊಂದರೆ ಕಂಡುಬಂತು. ಹೊಸ ಔಷಧಿಗಳೂ ಬಂದವು. ಇಂದು ಆಧುನಿಕ ವೈದ್ಯರು ಅದನ್ನು ಬರೆದುಕೊಡುವುದು ಬಹಳ ಅಪೂರ್ವ. ಆಯುರ್ವೇದದಲ್ಲಿ ಮಾತ್ರ ಸರ್ಪಗಂಧದ ಬಳಕೆ ನಡೆದಿದೆ.

ಕೀರ್ತಿಯ ಬೆಲೆ

1950ರ ದಶಕದಲ್ಲಿ ಬೇರಿಗೆ ಬೇಡಿಕೆ ಒಮ್ಮೆಲೇ ಏರಿತು. ಕಾಡಿನಿಂದ ಗೋಣಿಗಟ್ಟಲೆ ಬೇರು ಪೇಟೆಗೆ ಬಂತು. ಕಿತ್ತವರು ಮತ್ತೆ ನೆಡಲಿಲ್ಲ. ಹಣ್ಣಾಗುವ ಮೊದಲೇ ಕಿತ್ತ ಕಡೆ ಬೀಜವೂ ಬೀಳಲಿಲ್ಲ. ಕೊನೆಗೆ 1990ರಲ್ಲಿ ಸರ್ಪಗಂಧವು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿತು. ಮದ್ದಿನ ವ್ಯಾಪಾರದಲ್ಲಿ ಸರ್ಪಗಂಧದ ಬೇರಿಗೆ ಬೇರೆ ಜಾತಿಯ ಬೇರನ್ನು ಬೆರೆಸುವುದೂ ನಡೆಯಿತು. ಅಮೆರಿಕದ ಉಷ್ಣವಲಯದಿಂದ ಬಂದ ಇದರ ಸೋದರ ಗಿಡವೊಂದನ್ನು ಸರ್ಪಗಂಧವೆಂದೇ ತಿಳಿದು ಅಂಗಳದಲ್ಲಿ ನೆಟ್ಟವರಿದ್ದಾರೆ. ಅದರ ಗೆಣ್ಣಿಗೆ ನಾಲ್ಕು ಎಲೆಗಳು, ಅವೂ ಒಂದೇ ಗಾತ್ರದವಲ್ಲ. ಹೂವು ತೀರ ಚಿಕ್ಕದು, ಕೆಂಪು ಕೊಳವೆ ಇರುವುದಿಲ್ಲ.

ಕಾಡಿನಲ್ಲಿ ಹೋದದ್ದು ಕಾವಿನಲ್ಲಿ ಉಳಿದದ್ದಕ್ಕೆ ಕಾರಣ ಹಿರಿಯರ ಕಟ್ಟುಪಾಡು. ನಾಗಬನಕ್ಕೆ ಕತ್ತಿ ಒಯ್ಯಬಾರದು, ಅಲ್ಲಿಯ ಕಡ್ಡಿಯನ್ನೂ ಮನೆಗೆ ತರಬಾರದು ಎಂಬ ಭಯಭಕ್ತಿ ಮರಬಳ್ಳಿಗಳೊಂದಿಗೆ ನೆಲದ ಸಣ್ಣ ಗಿಡಗಳನ್ನೂ ಕಾಪಾಡಿತು. ಕಳೆದ ಕೆಲವು ದಶಕಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಬನಗಳ ಮರಗಳನ್ನು ಸವರಿ, ಸುತ್ತಲೂ ಕಾಂಕ್ರೀಟು ಹಾಸಿಯಾಗಿದೆ. ನಾಗನ ಕಟ್ಟೆ ಚೊಕ್ಕವಾಯಿತು, ಬನ ಮಾತ್ರ ಉಳಿಯಲಿಲ್ಲ. ಮರದ ನೆರಳು, ತರಗೆಲೆಯ ತೇವ ಇಲ್ಲದಲ್ಲಿ ಸರ್ಪಗಂಧ ತಾನಾಗಿ ಹುಟ್ಟುವುದಿಲ್ಲ. ಭಕ್ತರೂ ಆಡಳಿತ ಮಂಡಳಿಗಳೂ ಯೋಚಿಸಬೇಕಾದ ವಿಷಯವಿದು.

ನೆಡುವ ಕ್ರಮ

ಸರ್ಪಗಂಧವನ್ನು ಬೆಳೆಸುವುದು ಕಷ್ಟವಲ್ಲ, ತಾಳ್ಮೆ ಬೇಕು. ಚೆನ್ನಾಗಿ ಹಣ್ಣಾದ ಬೀಜವನ್ನು ತೊಳೆದು ನೀರಿಗೆ ಹಾಕಬೇಕು. ತೇಲುವ ಬೀಜ ಪೊಳ್ಳು, ಮುಳುಗಿದ್ದು ಮಾತ್ರ ಬಿತ್ತನೆಗೆ ಯೋಗ್ಯ. ಬೀಜ ಹಳತಾದಷ್ಟು ಮೊಳಕೆ ಕಡಿಮೆ. ಹೊಸ ಬೀಜದಲ್ಲಿಯೂ ಎಲ್ಲವೂ ಹುಟ್ಟುವುದಿಲ್ಲವಾದ್ದರಿಂದ ಬೇಕಾದುದಕ್ಕಿಂತ ಹೆಚ್ಚು ಬಿತ್ತಬೇಕು. ಮಳೆಗೆ ಮೊದಲು ನೆರಳಿನ ಪಾತಿಯಲ್ಲಿ ಬಿತ್ತಿದರೆ ಮೊಳಕೆಗೆ ಮೂರು ವಾರದಿಂದ ಒಂದೂವರೆ ತಿಂಗಳು ಹಿಡಿಯಬಹುದು. ನಾಲ್ಕಾರು ಎಲೆ ಬಂದ ಸಸಿಯನ್ನು ಮಳೆಗಾಲದಲ್ಲಿಯೇ ಕಿತ್ತು ನೆಡಬೇಕು. ಬೀಜ ಸಿಗದಿದ್ದರೆ ಒಂದೆರಡು ಅಂಗುಲದ ಬೇರಿನ ತುಂಡುಗಳಿಂದಲೂ ಗಿಡ ಮಾಡಬಹುದು.

ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಅಂತರ ಸಾಕು. ಹಟ್ಟಿಗೊಬ್ಬರವೂ ತರಗೆಲೆಯೂ ಬೆರೆತ ಸಡಿಲ ಮಣ್ಣು ಒಳ್ಳೆಯದು. ನೀರು ನಿಲ್ಲುವ ಜಾಗ ಸರ್ವಥಾ ಕೂಡದು, ಬೇರು ಕೊಳೆಯುತ್ತದೆ. ಗಟ್ಟಿ ಮುರಕಲ್ಲಿನ ನೆಲದಲ್ಲಿ ಬೇರು ಇಳಿಯಲಾರದು. ತೆಂಗು, ಕಂಗುಗಳ ನಡುವಿನ ಅರೆನೆರಳು ಇದಕ್ಕೆ ಒಗ್ಗುತ್ತದೆ. ಮೊದಲ ವರ್ಷ ಕಳೆ ಕೀಳುತ್ತಿರಬೇಕು, ಬೇಸಗೆಯಲ್ಲಿ ನೀರು ಕೊಡಬೇಕು. ಬೀಜ ಬೇಡವಾದ ಗಿಡಗಳ ಹೂಗೊಂಚಲನ್ನು ಚಿವುಟಿದರೆ ಬೇರು ದಪ್ಪವಾಗುತ್ತದೆ.

ಬೇರು ತೆಗೆಯಲು ಕನಿಷ್ಠ ಒಂದೂವರೆ ವರ್ಷ ಕಾಯಬೇಕು. ಎಲೆ ಉದುರುವ ಚಳಿಗಾಲವೇ ಅದಕ್ಕೆ ತಕ್ಕ ಸಮಯ. ಸತ್ವವೆಲ್ಲ ಹೆಚ್ಚಾಗಿ ಸಿಪ್ಪೆಯಲ್ಲಿರುವುದರಿಂದ ಅದು ಸುಲಿಯದಂತೆ ಅಗೆದು, ಮೆಲ್ಲನೆ ತೊಳೆದು ಒಣಗಿಸಬೇಕು. ತೆಗೆದ ಬೇರಿನಲ್ಲಿ ಒಂದೆರಡು ತುಂಡುಗಳನ್ನು ಬೀಜಕ್ಕೆಂದು ಇಟ್ಟು ಮತ್ತೆ ನೆಡುವುದು ಬೆಳೆದವನ ಧರ್ಮ. ವೈದ್ಯರ ಸಲಹೆಯಿಲ್ಲದೆ ಇದನ್ನು ಯಾರೂ ಸೇವಿಸಬಾರದು. ರಕ್ತದೊತ್ತಡವನ್ನು ಇಳಿಸುವ ಶಕ್ತಿ ಇದಕ್ಕಿದೆ.

ಶ್ರಾವಣದ ನಾಗರಪಂಚಮಿಗೆ ಊರವರು ಬನಕ್ಕೆ ತನು ಎರೆಯಲು ಬರುವ ದಿನಗಳೇ ಸರ್ಪಗಂಧದ ಸಸಿ ನೆಡಲು ಹೇಳಿಮಾಡಿಸಿದ ಕಾಲ. ಹಾಲು, ಸೀಯಾಳದ ಜೊತೆಗೆ ಮನೆಗೊಂದು ಸಸಿಯೂ ಬಂದು ಬನದ ಅಂಚಿನಲ್ಲಿ ಬೇರೂರಿದರೆ, ಹಿರಿಯರು ಉಳಿಸಿಕೊಟ್ಟದ್ದನ್ನು ಮುಂದಿನವರಿಗೆ ಒಪ್ಪಿಸಿದಂತಾಗುತ್ತದೆ.