ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ವಿರುದ್ಧ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್

ಪೇಟೆಂಟ್ ಕೋರುವ ವಿಧಾನ ನಿಜವಾದ ಆವಿಷ್ಕಾರವೇ, ಇಲ್ಲವೆ ಆ ಕಸುಬು ಬಲ್ಲವರಿಗೆ ಸಹಜವಾಗಿಯೇ ಹೊಳೆಯುವಂಥದ್ದೇ ಎಂದು ಅಳೆಯುವ ಮಾನದಂಡವನ್ನು ಭಾರತದಲ್ಲಿ ನೆಲೆಗೊಳಿಸಿದ ಸರ್ವೋಚ್ಚ ನ್ಯಾಯಾಲಯದ ತೀರ್ಪು. ನ್ಯಾಯಮೂರ್ತಿ ಆರ್.ಎಸ್. ಸರ್ಕಾರಿಯಾ ಬರೆದ ಈ ತೀರ್ಪು 1978ರ ಡಿಸೆಂಬರ್ 13ರಂದು ಪ್ರಕಟವಾಯಿತು. ವಿವಾದಕ್ಕೆ ಅನ್ವಯಿಸಿದ್ದು 1911ರ ಭಾರತೀಯ ಪೇಟೆಂಟ್ ಮತ್ತು ವಿನ್ಯಾಸ ಕಾಯಿದೆ.

ಹಿನ್ನೆಲೆ: ವಾದಿಯಾದ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಸಂಸ್ಥೆ ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಹಿತ್ತಾಳೆ ಮತ್ತು ಜರ್ಮನ್ ಸಿಲ್ವರ್ ಪಾತ್ರೆಗಳನ್ನು ತಯಾರಿಸುತ್ತಿತ್ತು. ಹಳೆಯ ಪದ್ಧತಿಯಲ್ಲಿ ಪಾತ್ರೆಯನ್ನು ಲೇತ್ ಯಂತ್ರದ ತಿರುಗುವ ತುದಿಯಾದ ಹೆಡ್‌ಸ್ಟಾಕಿಗೆ ಅಂಟಿನಿಂದ ಹಿಡಿಸಿ, ತಿರುಗಿಸುತ್ತ ಕಡೆಯುತ್ತಿದ್ದರು. ವೇಗವಾಗಿ ಸುತ್ತುವಾಗ ಪಾತ್ರೆ ಕಳಚಿ ಹಾರಿ ಕೆಲಸಗಾರರಿಗೆ ಅಪಾಯ ಒದಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಎದುರಿನ ಟೈಲ್‌ಸ್ಟಾಕ್ ಕಡೆಯಿಂದ ಒತ್ತಿ ಹಿಡಿಯುವ ಸ್ಪಿಂಡಲ್ ಮತ್ತು ಸನ್ನೆಕೋಲನ್ನು ಅಳವಡಿಸಿದ ವಿಧಾನಕ್ಕೆ 1951ರ ಡಿಸೆಂಬರಿನಿಂದ ಜಾರಿಗೆ ಬರುವಂತೆ ಪೇಟೆಂಟ್ ದೊರೆಯಿತು.

ವ್ಯಾಜ್ಯ: ತನ್ನ ವಿಧಾನವನ್ನು ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಸಂಸ್ಥೆ ಬಳಸುತ್ತಿದೆಯೆಂದು ವಾದಿ ದಾವೆ ಹೂಡಿದಾಗ, ಪೇಟೆಂಟನ್ನೇ ರದ್ದುಪಡಿಸಬೇಕೆಂದು ಪ್ರತಿವಾದಿ ಕೋರಿತು. ಅಲಹಾಬಾದ್ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಪೇಟೆಂಟನ್ನು ರದ್ದು ಮಾಡಿತು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿತು. ಪ್ರತಿವಾದಿಯ ಮೇಲ್ಮನವಿಯನ್ನು ಪುರಸ್ಕರಿಸಿದ ಸರ್ವೋಚ್ಚ ನ್ಯಾಯಾಲಯ ಏಕಸದಸ್ಯ ಪೀಠದ ನಿರ್ಣಯವನ್ನು ಎತ್ತಿಹಿಡಿಯಿತು.

ತೀರ್ಪಿನ ತತ್ತ್ವ: ಟೈಲ್‌ಸ್ಟಾಕಿನಿಂದ ಒತ್ತಿ ಹಿಡಿಯುವುದು ಹಿಂದಿನಿಂದಲೂ ತಿಳಿದಿದ್ದ ಕ್ರಮ. ಅದನ್ನು ಪಾತ್ರೆ ಕಡೆಯುವುದಕ್ಕೆ ಹೊಂದಿಸಿದ್ದು ಕಾರ್ಯಾಗಾರದ ಮಾಮೂಲಿ ಸುಧಾರಣೆಯೇ ಹೊರತು ಆವಿಷ್ಕಾರವಲ್ಲ ಎಂದು ನ್ಯಾಯಾಲಯ ಹೇಳಿತು. ಗೊತ್ತಿರುವ ಅಂಶಗಳನ್ನು ಜೋಡಿಸಿದಾಗ ಹೊಸ ಫಲ ಅಥವಾ ಮೊದಲಿಗಿಂತ ಉತ್ತಮವೋ ಅಗ್ಗವೋ ಆದ ವಸ್ತು ದೊರೆಯಬೇಕು. ಆ ಸುಧಾರಣೆ ತಾನೇ ಆವಿಷ್ಕಾರದ ಪರೀಕ್ಷೆಯನ್ನು ಗೆಲ್ಲಬೇಕು. ಈ ಪರೀಕ್ಷೆ ವಸ್ತುನಿಷ್ಠವಾದದ್ದು: ಅಂದಿನ ಸಾಮಾನ್ಯ ತಿಳಿವಳಿಕೆಯಿದ್ದು, ಪೇಟೆಂಟಿನ ವಿಷಯ ಅರಿಯದ ಸಮರ್ಥ ಕಸುಬುದಾರ ಅದೇ ಸಮಸ್ಯೆ ಎದುರಾದಾಗ ಅದೇ ಪರಿಹಾರಕ್ಕೆ ಬರುತ್ತಿದ್ದನೇ ಎಂದು ನೋಡಬೇಕು. ಪೇಟೆಂಟ್ ಕೊಟ್ಟು ಮುದ್ರೆಯೊತ್ತಿದ ಮಾತ್ರಕ್ಕೆ ಅದರ ಸಿಂಧುತ್ವ ಖಾತರಿಯಾಗದು ಎಂದೂ ನ್ಯಾಯಾಲಯ ಸ್ಪಷ್ಟಪಡಿಸಿತು.

ಮಹತ್ವ: ಕಸುಬಿನ ಸಾಮಾನ್ಯ ಜಾಣ್ಮೆ ಒಬ್ಬರ ಏಕಸ್ವಾಮ್ಯವಾಗದಂತೆ ಕಾಯುವುದೇ ಈ ತೀರ್ಪಿನ ದೊಡ್ಡ ಕೊಡುಗೆ. ಇಂಥದೇ ಮಾನದಂಡ ಮುಂದಿನ ಕಾನೂನಿನಲ್ಲೂ ಕಾಣುತ್ತದೆ: 1970ರ ಪೇಟೆಂಟ್ ಕಾಯಿದೆಗೆ 2005ರಲ್ಲಿ ತಂದ ತಿದ್ದುಪಡಿಯಂತೆ, ಆವಿಷ್ಕಾರಕ ಹೆಜ್ಜೆಯಲ್ಲಿ ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಇರಬೇಕು. ಜೊತೆಗೆ ಅದು ಪರಿಣತರಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು. ಔಷಧ ಪೇಟೆಂಟ್‌ಗಳ ವ್ಯಾಜ್ಯಗಳಲ್ಲೂ ನ್ಯಾಯಾಲಯಗಳು ಈ ತೀರ್ಪನ್ನು ಆಧರಿಸಿವೆ.